ಸಾಲ ಕೊಟ್ಟವರು ಹೊಸ್ತಿಲ ಹೊರಗೆ ನಿಲ್ಲಲಿ



ಪವಿತ್ರ ಗ್ರಂಥದ ಧರ್ಮೋಪದೇಶಕಾಂಡದ 24ನೆಯ ಅಧ್ಯಾಯದಲ್ಲಿ ನಾವು ಸಾಮಾನ್ಯವಾಗಿ ಗಮನಿಸದೆ ದಾಟಿಹೋಗುವ ಒಂದು ಸಣ್ಣ ಕಟ್ಟಳೆಯಿದೆ. ನೆರೆಯವನಿಗೆ ಸಾಲ ಕೊಟ್ಟವನು ಒತ್ತೆಯ ವಸ್ತುವನ್ನು ತೆಗೆದುಕೊಳ್ಳಲು ಅವನ ಮನೆಯೊಳಗೆ ನುಗ್ಗಬಾರದು. ಅವನು ಹೊರಗೇ ನಿಂತಿರಬೇಕು. ಸಾಲ ಪಡೆದವನು ತಾನಾಗಿ ಒಳಗಿನಿಂದ ಅದನ್ನು ತಂದು ಕೊಡಬೇಕು. ಅದೇ ಅಧ್ಯಾಯದಲ್ಲಿ ಇನ್ನೆರಡು ಮಾತುಗಳಿವೆ. ಬೀಸುವ ಕಲ್ಲನ್ನು ಒತ್ತೆಯಾಗಿ ಇಟ್ಟುಕೊಳ್ಳಬಾರದು, ಏಕೆಂದರೆ ಅದು ಆ ಮನೆಯ ಜೀವವನ್ನೇ ಒತ್ತೆ ಇಟ್ಟುಕೊಂಡ ಹಾಗೆ. ಬಡವನ ಹೊದಿಕೆಯನ್ನು ಒತ್ತೆಯಾಗಿ ಪಡೆದಿದ್ದರೆ ಹೊತ್ತು ಮುಳುಗುವಾಗ ಅದನ್ನು ಹಿಂದಕ್ಕೆ ಕೊಡಬೇಕು, ಅವನು ಹೊದ್ದು ಮಲಗಬೇಕಲ್ಲವೇ?

ದೇವರು ಇಲ್ಲಿ ಸಾಲ ಕೊಡಬೇಡಿ ಎಂದು ಹೇಳಲಿಲ್ಲ. ಪಡೆದ ಸಾಲವನ್ನು ತೀರಿಸಬೇಡಿ ಎಂದೂ ಹೇಳಲಿಲ್ಲ. ಅವರು ಒಂದು ಗೆರೆಯನ್ನು ಎಳೆದರು, ಅಷ್ಟೇ. ಸಾಲ ಕೊಟ್ಟವನಿಗೆ ತನ್ನ ಹಣದ ಮೇಲೆ ಹಕ್ಕಿದೆ. ಸಾಲ ಪಡೆದವನ ಮನೆಯ ಮಾನದ ಮೇಲೆ ಹಕ್ಕಿಲ್ಲ. ಆ ಗೆರೆಯ ಹೆಸರೇ ಹೊಸ್ತಿಲು. ಈ ವಾರ ಆ ಹೊಸ್ತಿಲಿನ ಬಗ್ಗೆ ನಿಮ್ಮೊಡನೆ ನಾಲ್ಕು ಮಾತು ಹಂಚಿಕೊಳ್ಳಬಯಸುತ್ತೇನೆ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂಬ ಈ ನಾಲ್ಕು ತಾಲ್ಲೂಕುಗಳು ಮಧುಗಿರಿ ಕಂದಾಯ ಉಪವಿಭಾಗಕ್ಕೆ ಸೇರಿದವು. ಇಲ್ಲಿ ಬೆಟ್ಟ ಬಂಡೆಗಳು ಹೆಚ್ಚು, ಮಳೆ ಕಡಿಮೆ. ಮುಗಿಲು ನೋಡಿ ಕಡಲೆಕಾಯಿ ಬಿತ್ತುವ ರೈತನಿಗೆ ಒಂದು ವರ್ಷ ಬೆಳೆ ಬಂದರೆ ಎರಡು ವರ್ಷ ಬಿತ್ತಿದ ಬೀಜವೂ ಹಿಂದಕ್ಕೆ ಬಾರದು. ಪಾವಗಡದಲ್ಲಿ ಅಂತರ್ಜಲದ ಫ್ಲೋರೈಡು ಮೂಳೆಗಳನ್ನೇ ತಿಂದಿದೆ. ಅದೇ ತಾಲ್ಲೂಕಿನ ತಿರುಮಣಿ ಸುತ್ತಮುತ್ತ ಸುಮಾರು 13,000 ಎಕರೆಯಲ್ಲಿ ಸೌರ ವಿದ್ಯುತ್ ಪಾರ್ಕು ಎದ್ದುನಿಂತಿದೆ. ಭೂಮಿ ಇದ್ದವರಿಗೆ ವರ್ಷಕ್ಕೊಮ್ಮೆ ಗುತ್ತಿಗೆ ಹಣ ಬರುತ್ತದೆ. ಆ ಹೊಲಗಳಲ್ಲಿ ಕಳೆ ಕಿತ್ತು, ಕಾಯಿ ಬಿಡಿಸಿ ಬದುಕುತ್ತಿದ್ದ ಭೂಹೀನರಿಗೆ ಆ ಗುತ್ತಿಗೆಯಲ್ಲಿ ಪಾಲಿಲ್ಲ. ಇಂತಹ ನೆಲದಲ್ಲಿ ಸಾಲವೆಂಬುದು ಸೋಮಾರಿತನದ ಫಲವಲ್ಲ. ಬತ್ತಿದ ಕೊಳವೆಬಾವಿ, ಆಸ್ಪತ್ರೆಯ ಬಿಲ್ಲು, ಮಗಳ ಕಾಲೇಜು ಶುಲ್ಕ, ಮದುವೆಯ ಖರ್ಚು ಇವೇ ಮನೆಯ ಯಜಮಾನತಿಯನ್ನು ಸಾಲದ ಬಾಗಿಲಿಗೆ ಕಳುಹಿಸುತ್ತವೆ.

ಆ ಬಾಗಿಲಲ್ಲಿ ಏನು ನಡೆಯುತ್ತದೆ ಎಂಬುದನ್ನು ಲೆಕ್ಕ ಹಾಕಿ ನೋಡೋಣ. ನಮ್ಮಲ್ಲಿ ಬಡ್ಡಿಯನ್ನು ನೂರಕ್ಕೆ ಎಷ್ಟು ರೂಪಾಯಿ ಎಂದು ತಿಂಗಳ ಲೆಕ್ಕದಲ್ಲಿ ಹೇಳುವುದು ರೂಢಿ. ಮೂರು ರೂಪಾಯಿ ಬಡ್ಡಿ ಎಂದರೆ ವರ್ಷಕ್ಕೆ ಶೇಕಡಾ 36. ಐದು ರೂಪಾಯಿ ಎಂದರೆ 60. ಹತ್ತು ರೂಪಾಯಿ ಎಂದರೆ 120. ವರ್ಷ ತುಂಬುವ ಮೊದಲೇ ಬಡ್ಡಿಯು ಅಸಲನ್ನು ಮೀರಿರುತ್ತದೆ. ಹತ್ತು ಸಾವಿರ ಬರೆಸಿಕೊಂಡು ಒಂಬತ್ತು ಸಾವಿರ ಕೈಗೆ ಕೊಟ್ಟು, ದಿನಕ್ಕೆ ನೂರರಂತೆ ನೂರು ದಿನ ವಸೂಲು ಮಾಡುವ ಪದ್ಧತಿಯನ್ನೇ ತೆಗೆದುಕೊಳ್ಳಿ. ಸಾವಿರ ರೂಪಾಯಿ ತಾನೇ ಎನಿಸುತ್ತದೆ. ಆದರೆ ಪ್ರತಿದಿನ ಅಸಲು ಕರಗುತ್ತಿರುವುದರಿಂದ ಅದು ವರ್ಷಕ್ಕೆ ಸುಮಾರು ಶೇಕಡಾ 80ರ ಬಡ್ಡಿಯಾಗುತ್ತದೆ. ಐವತ್ತು ಸಾವಿರಕ್ಕೆ ಶೇಕಡಾ 12ರಂತೆ ಎರಡು ವರ್ಷದ ಬಡ್ಡಿಯನ್ನು ಮೊದಲೇ ಕೂಡಿಸಿ ತಿಂಗಳ ಕಂತು ಕಟ್ಟಿದರೆ ನಿಜವಾಗಿ ಬೀಳುವ ಬಡ್ಡಿ ಶೇಕಡಾ 21ಕ್ಕೂ ಹೆಚ್ಚು. ಲೆಕ್ಕ ತಿಳಿಯದವರಿಂದ ಲೆಕ್ಕ ಮುಚ್ಚಿಟ್ಟು ಹಣ ಪಡೆಯುವುದನ್ನು ನಾವು ವ್ಯಾಪಾರವೆಂದು ಕರೆಯಬಹುದು. ಪ್ರವಾದಿ ಆಮೋಸನು ಅದನ್ನು ಕಳ್ಳ ತಕ್ಕಡಿ ಎಂದು ಖಂಡಿಸಿದನು.

ಬಡ್ಡಿಗಿಂತಲೂ ಘೋರವಾದುದು ವಸೂಲಿಯ ರೀತಿ. 2025ರ ಜನವರಿಯಲ್ಲಿ ನಮ್ಮ ರಾಜ್ಯದ ಪತ್ರಿಕೆಗಳು ದಿನವೂ ಇಂಥದೇ ವರದಿಗಳನ್ನು ಹೊತ್ತು ತಂದವು. ಕಿರು ಸಾಲದ ವಸೂಲಿಗಾರರ ಕಾಟ ತಾಳಲಾರದೆ ಚಾಮರಾಜನಗರ ಜಿಲ್ಲೆಯ ಹಳ್ಳಿಗಳಲ್ಲಿ ಕುಟುಂಬಗಳು ಮನೆಗೆ ಬೀಗ ಹಾಕಿ ಊರು ಬಿಟ್ಟಿದ್ದವು. ರಾಜ್ಯದ ಹಲವೆಡೆ ಸಾಲಗಾರರು ಪ್ರಾಣವನ್ನೇ ಕಳೆದುಕೊಂಡಿದ್ದರು. ಬಾಗಿಲ ಮುಂದೆ ಕುಳಿತು ಕೂಗಾಡುವುದು, ಮಕ್ಕಳ ಎದುರಿನಲ್ಲಿ ತಾಯಿಯನ್ನು ಹಳಿಯುವುದು, ರಾತ್ರಿ ಹೊತ್ತಿನಲ್ಲಿ ಬಂದು ಕದ ತಟ್ಟುವುದು ಇವೆಲ್ಲ ವಸೂಲಿಯ ಆಯುಧಗಳಾಗಿದ್ದವು. ಹಣವನ್ನು ಪಡೆಯಲು ಮಾನವನ್ನು ಬೀದಿಗೆ ಎಳೆಯಲಾಗುತ್ತಿತ್ತು.

ಆಗ ಸರ್ಕಾರ ಎಚ್ಚೆತ್ತಿತು. ಕರ್ನಾಟಕ ಕಿರು ಸಾಲ ಮತ್ತು ಸಣ್ಣ ಸಾಲಗಳ ಬಲವಂತದ ಕ್ರಮಗಳನ್ನು ತಡೆಯುವ ಅಧ್ಯಾದೇಶವನ್ನು ಸಿದ್ಧಪಡಿಸಿತು. ಶಿಕ್ಷೆ ಅತಿಯಾಯಿತೆಂದು ರಾಜ್ಯಪಾಲರು ಒಮ್ಮೆ ಅದನ್ನು ಹಿಂದಿರುಗಿಸಿದರು. ಬಳಿಕ 2025ರ ಫೆಬ್ರವರಿ 12ರಂದು ಅಂಕಿತ ಹಾಕಿದರು. ಮಾರ್ಚ್ ತಿಂಗಳಲ್ಲಿ ವಿಧಾನಮಂಡಲವು ಅದಕ್ಕೆ ಕಾಯಿದೆಯ ರೂಪದಲ್ಲಿ ಒಪ್ಪಿಗೆ ನೀಡಿತು. ಸಾಲ ಕೊಡುವವರು ಜಿಲ್ಲಾಧಿಕಾರಿಗಳ ಬಳಿ ನೋಂದಣಿ ಮಾಡಿಸಬೇಕು. ಬಡ್ಡಿಯ ದರವನ್ನು ಮರೆಮಾಚದೆ ತಿಳಿಸಬೇಕು. ಸಾಲಕ್ಕೆ ಒತ್ತೆ ಕೇಳುವಂತಿಲ್ಲ. ಸಾಲಗಾರನನ್ನಾಗಲಿ ಅವನ ಮನೆಯವರನ್ನಾಗಲಿ ಹೆದರಿಸುವುದು, ಅವಮಾನಿಸುವುದು, ಬೆನ್ನುಹತ್ತಿ ಹೋಗುವುದು, ಪದೇಪದೇ ಮನೆಗೆ ನುಗ್ಗುವುದು, ಗೂಂಡಾಗಳನ್ನು ಬಿಡುವುದು ಇವೆಲ್ಲ ಅಪರಾಧ. ಶಿಕ್ಷೆ ಆರು ತಿಂಗಳಿಂದ ಹತ್ತು ವರ್ಷದವರೆಗೆ ಸೆರೆವಾಸ, ಐದು ಲಕ್ಷ ರೂಪಾಯಿವರೆಗೆ ದಂಡ. ಪೊಲೀಸರು ಇಂತಹ ದೂರನ್ನು ದಾಖಲಿಸಲು ನಿರಾಕರಿಸುವಂತಿಲ್ಲ.

ರಿಸರ್ವ್ ಬ್ಯಾಂಕಿನ ಅಧೀನದಲ್ಲಿರುವ ಸಂಸ್ಥೆಗಳಿಗೂ ನಿಯಮವಿದೆ. 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ಕಿರು ಸಾಲದ ನಿಯಮಗಳ ಪ್ರಕಾರ, ಒಂದು ಕುಟುಂಬವು ತೀರಿಸಬೇಕಾದ ಎಲ್ಲ ಸಾಲಗಳ ತಿಂಗಳ ಕಂತು ಆ ಕುಟುಂಬದ ತಿಂಗಳ ಆದಾಯದ ಅರ್ಧವನ್ನು ಮೀರಬಾರದು. ಸಾಲದ ಚೀಟಿ ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ಅವಧಿಗೆ ಮುನ್ನ ಸಾಲ ತೀರಿಸಿದರೆ ದಂಡ ಹಾಕಬಾರದು. ವಸೂಲಿಯು ಇಬ್ಬರೂ ಒಪ್ಪಿದ ಸ್ಥಳದಲ್ಲಿ ನಡೆಯಬೇಕು. ಸಾಲಗಾರರು ಆ ಸ್ಥಳಕ್ಕೆ ಎರಡು ಅಥವಾ ಹೆಚ್ಚು ಸಲ ಸತತವಾಗಿ ಬಾರದಿದ್ದರೆ ಮಾತ್ರ ಮನೆಯ ಬಳಿ ಹೋಗಬಹುದು. ಬಂಧುಬಳಗದವರನ್ನು ಪೀಡಿಸಬಾರದು, ಸಾಲಗಾರರ ಹೆಸರನ್ನು ಊರಲ್ಲಿ ಪ್ರಕಟಿಸಬಾರದು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಮೊಬೈಲ್ ಆ್ಯಪ್ ಮೂಲಕ ಕೊಡುವ ಸಾಲಕ್ಕೂ ನಿಯಮ ಬಂದಿತು. ಅಂತಹ ಆ್ಯಪ್ ನಮ್ಮ ಫೋನಿನಲ್ಲಿರುವ ಹೆಸರುಗಳ ಪಟ್ಟಿಗೆ, ಚಿತ್ರಗಳಿಗೆ ಕೈ ಹಾಕುವಂತಿಲ್ಲ. ಇಂದು ನಮ್ಮ ಫೋನು ಕೂಡ ಒಂದು ಮನೆಯೇ, ಅದಕ್ಕೂ ಹೊಸ್ತಿಲುಂಟು.

ಪ್ರಿಯರೇ, ಈ ಕಟ್ಟಳೆಗಳನ್ನು ಓದುವಾಗ ಧರ್ಮೋಪದೇಶಕಾಂಡದ ದನಿಯೇ ನಿಮಗೆ ಕೇಳಿಸುವುದಿಲ್ಲವೇ? ಸಾಲ ಕೊಟ್ಟವನೇ, ಹೊರಗೆ ನಿಲ್ಲು.

ಸಾಲವೆಂಬುದು ಇಬ್ಬರ ನಡುವಿನ ವ್ಯವಹಾರ, ಅದರಲ್ಲಿ ಸರ್ಕಾರಕ್ಕೇನು ಕೆಲಸ ಎಂದು ಕೇಳುವವರಿದ್ದಾರೆ. ಅವರಿಗೆ ನೆಹೆಮೀಯನ ಗ್ರಂಥದ ಐದನೆಯ ಅಧ್ಯಾಯವೇ ಉತ್ತರ. ಜೆರುಸಲೇಮಿನಲ್ಲಿ ಬರ ಬಿದ್ದಿತ್ತು. ಜನರು ದವಸಕ್ಕಾಗಿ ಹೊಲ, ದ್ರಾಕ್ಷಿತೋಟ, ಮನೆಗಳನ್ನು ಅಡವಿಟ್ಟಿದ್ದರು. ಕಂದಾಯ ಕಟ್ಟಲು ಸಾಲ ಮಾಡಿದ್ದರು. ಕೊನೆಗೆ ಮಕ್ಕಳನ್ನೇ ಜೀತಕ್ಕೆ ಒಪ್ಪಿಸುವ ಸ್ಥಿತಿ ಬಂದಿತ್ತು. ಸಾಲ ಕೊಟ್ಟವರಾದರೋ ಪರಕೀಯರಲ್ಲ, ಅದೇ ಜನಾಂಗದ ಸಿರಿವಂತರು. ನೆಹೆಮೀಯನು ಆಗ ಆ ನಾಡಿನ ಅಧಿಪತಿ, ಇಂದಿನ ಮಾತಿನಲ್ಲಿ ಸರ್ಕಾರ. ಅವನು ಪ್ರಾರ್ಥನೆ ಮಾಡಿ ಸುಮ್ಮನಾಗಲಿಲ್ಲ. ಸಾಲಿಗರನ್ನು ಕರೆಸಿದನು, ಮಹಾಸಭೆ ಕೂಡಿಸಿದನು, ಹೊಲಮನೆಗಳನ್ನೂ ನೂರಕ್ಕೊಂದರಂತೆ ಪಡೆದ ಬಡ್ಡಿಯನ್ನೂ ಹಿಂದಿರುಗಿಸಲು ಹೇಳಿದನು, ಯಾಜಕರ ಎದುರಿನಲ್ಲಿ ಪ್ರಮಾಣ ಮಾಡಿಸಿದನು. ಆ ಬಡ್ಡಿ ತಿಂಗಳಿಗೆ ನೂರಕ್ಕೆ ಒಂದು ಎಂದು ಅನೇಕ ಪಂಡಿತರ ಅಭಿಪ್ರಾಯ. ಇಂದು ನಮ್ಮ ಸಂತೆಯಲ್ಲಿ ನಡೆಯುವ ಬಡ್ಡಿಯನ್ನು ನೆಹೆಮೀಯನು ಕೇಳಿದ್ದರೆ ಏನೆನ್ನುತ್ತಿದ್ದನೋ!

ನಮ್ಮ ನಾಡಿನಲ್ಲಿಯೂ ಅಧಿಕಾರವು ಈ ಕರ್ತವ್ಯವನ್ನು ಆಗಾಗ ನೆನಪಿಸಿಕೊಂಡಿದೆ. 1961ರ ಲೇವಾದೇವಿದಾರರ ಕಾಯಿದೆಯು ಪರವಾನಗಿ ಇಲ್ಲದೆ ಬಡ್ಡಿ ವ್ಯವಹಾರ ಮಾಡುವುದನ್ನು ನಿಷೇಧಿಸಿತು. ಅದರಡಿ ಲೇವಾದೇವಿದಾರರಿಗೆ ಗೊತ್ತುಪಡಿಸಿರುವ ಬಡ್ಡಿ ಭದ್ರತೆ ಇರುವ ಸಾಲಕ್ಕೆ ವರ್ಷಕ್ಕೆ ಶೇಕಡಾ 14, ಭದ್ರತೆ ಇಲ್ಲದ ಸಾಲಕ್ಕೆ 16. ದೇವರಾಜ ಅರಸರ ಕಾಲದಲ್ಲಿ, 1976ರಲ್ಲಿ, ಬಡವರ ಸಾಲ ಮನ್ನಾ ಮಾಡುವ ಋಣ ಪರಿಹಾರ ಕಾಯಿದೆ ಬಂದಿತು. ಅದೇ ವರ್ಷ ಕೇಂದ್ರ ಸರ್ಕಾರವು ಜೀತಪದ್ಧತಿಯನ್ನು ರದ್ದುಪಡಿಸುವ ಕಾಯಿದೆಯನ್ನು ಮಾಡಿತು. 2004ರಲ್ಲಿ ವಿಪರೀತ ಬಡ್ಡಿಯನ್ನು ನಿಷೇಧಿಸುವ ಕಾಯಿದೆ, 2019ರ ಜುಲೈನಲ್ಲಿ ಮತ್ತೊಂದು ಋಣ ಪರಿಹಾರ ಕಾಯಿದೆ ಜಾರಿಗೆ ಬಂದವು. ಈ ಕೊನೆಯದರಲ್ಲಿ ಸಣ್ಣ ರೈತರೂ ಭೂಹೀನ ಕೂಲಿಗಳೂ ಉಪವಿಭಾಗಾಧಿಕಾರಿಗಳ ಮುಂದೆ ಅರ್ಜಿ ಕೊಡಬೇಕಿತ್ತು. ನಮ್ಮ ನಾಲ್ಕು ತಾಲ್ಲೂಕಿನವರಿಗೆ ಅದು ಮಧುಗಿರಿಯ ಕಚೇರಿ. ಅದು ಒಂದೇ ಬಾರಿಗೆ ಸಿಕ್ಕ ಪರಿಹಾರವಾಗಿತ್ತು. ಇಷ್ಟೆಲ್ಲ ಕಾಯಿದೆಗಳಿದ್ದರೂ 2025ರಲ್ಲಿ ಮತ್ತೊಂದು ಬೇಕಾಯಿತು. ಏಕೆ? ಕಾಯಿದೆಯು ಪುಸ್ತಕದಲ್ಲಿ ಇರುತ್ತದೆ, ಭಯವು ಮನೆಯೊಳಗಿರುತ್ತದೆ. ಆ ಭಯ ಬಾಯಿ ಬಿಡುವವರೆಗೆ ಯಾವ ಕಾಯಿದೆಯೂ ಕೆಲಸ ಮಾಡಲಾರದು.

ಧರ್ಮಸಭೆಯ ಪರಂಪರೆ ಈ ವಿಷಯದಲ್ಲಿ ಮೊದಲಿನಿಂದಲೂ ನಿಷ್ಠುರವಾಗಿದೆ. 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮೋಪದೇಶ ಗ್ರಂಥವು ಐದನೆಯ ಆಜ್ಞೆಯನ್ನು ವಿವರಿಸುವಾಗ, ದುರಾಸೆಯ ಬಡ್ಡಿ ವ್ಯವಹಾರದಿಂದ ಸಹೋದರರ ಹಸಿವಿಗೂ ಸಾವಿಗೂ ಕಾರಣರಾಗುವವರು ಪರೋಕ್ಷವಾಗಿ ನರಹತ್ಯೆ ಮಾಡುತ್ತಾರೆಂದು ಕಲಿಸುತ್ತದೆ. ಗಮನಿಸಿ, ಇದನ್ನು ಹೇಳಿರುವುದು ಕಳ್ಳತನದ ಆಜ್ಞೆಯ ಕೆಳಗಲ್ಲ, ಕೊಲೆಯ ಆಜ್ಞೆಯ ಕೆಳಗೆ. ಧರ್ಮಸಭೆ ಖಂಡಿಸಿ ಕೈ ತೊಳೆದುಕೊಳ್ಳಲೂ ಇಲ್ಲ. 1462ರಲ್ಲಿ ಇಟಲಿಯ ಪೆರೂಜಿಯಾದಲ್ಲಿ ಫ್ರಾನ್ಸಿಸ್ಕನ್ ಸನ್ಯಾಸಿಗಳ ಪ್ರೇರಣೆಯಿಂದ ಬಡವರಿಗೆ ಅತಿ ಕಡಿಮೆ ಖರ್ಚಿನಲ್ಲಿ ಸಾಲ ಕೊಡುವ ಧರ್ಮನಿಧಿ ಆರಂಭವಾಯಿತು. 1909ರಲ್ಲಿ ಛೋಟಾನಾಗಪುರದ ಆದಿವಾಸಿಗಳನ್ನು ಸಾಹುಕಾರರ ಹಿಡಿತದಿಂದ ಬಿಡಿಸಲು ಯೇಸುಸಭೆಯ ಸ್ವಾಮಿ ಹಾಫ್‌ಮನ್ ಅವರು ರಾಂಚಿಯಲ್ಲಿ ಕಥೋಲಿಕ ಸಹಕಾರ ಪತ್ತಿನ ಸಂಘವನ್ನು ಕಟ್ಟಿದರು. ಅದಕ್ಕೂ ಮೊದಲೇ, 1905ರಲ್ಲಿ, ನಮ್ಮದೇ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರ ಮುಂದಾಳತ್ವದಲ್ಲಿ ರೈತರ ಸಹಕಾರ ಸಂಘ ಹುಟ್ಟಿತ್ತು. ಕೆಟ್ಟ ಸಾಲಕ್ಕೆ ಮದ್ದು ಒಳ್ಳೆಯ ಸಾಲ ಎಂಬುದನ್ನು ಈ ಹಿರಿಯರು ಕಂಡುಕೊಂಡಿದ್ದರು.

ಈ ಮಾತು ಮುಖ್ಯ. ಕಾಯಿದೆಯೊಂದರಿಂದಲೇ ಎಲ್ಲವೂ ಸರಿಹೋಗದು. ಪಾವಗಡದವರಿಗೆ ನೆನಪಿರಬಹುದು, ಮೂರು ಕಡೆಯಿಂದ ಸುತ್ತುವರಿದಿರುವ ಆಂಧ್ರದಲ್ಲಿ 2010ರ ಅಕ್ಟೋಬರಿನಲ್ಲಿ ಇಂತಹುದೇ ಅಧ್ಯಾದೇಶ ಬಂದಿತ್ತು. ಕಾಟವೇನೋ ನಿಂತಿತು, ಜೊತೆಗೇ ಜನರು ಕಂತು ಕಟ್ಟುವುದನ್ನೂ ನಿಲ್ಲಿಸಿದರು, ಸಂಸ್ಥೆಗಳು ಸಾಲ ಕೊಡುವುದನ್ನೂ ನಿಲ್ಲಿಸಿದವು. ಅವಸರಕ್ಕೆ ಹಣ ಬೇಕಾದವರು ಮತ್ತೆ ಹಳೆಯ ಸಾಹುಕಾರನ ಕಡೆಗೇ ನೋಡಬೇಕಾಯಿತು. ನಮ್ಮ ಕಾಯಿದೆಯೂ ಎಲ್ಲ ಸಾಲವನ್ನು ಮನ್ನಾ ಮಾಡಿಲ್ಲ. ನೋಂದಣಿಯಾಗಲಿ ಪರವಾನಗಿಯಾಗಲಿ ಇಲ್ಲದವರು ದುರ್ಬಲ ವರ್ಗದವರಿಗೆ ಕೊಟ್ಟ ಸಾಲ ಮಾತ್ರ ತೀರಿದಂತೆ ಎಂದು ಅದು ಹೇಳುತ್ತದೆ. ನ್ಯಾಯವಾದ ಸಾಲವನ್ನು ನ್ಯಾಯವಾಗಿಯೇ ತೀರಿಸಬೇಕು. ತೀರಿಸುವ ಶಕ್ತಿಯಿದ್ದೂ ಕಾಯಿದೆಯ ನೆರಳಿನಲ್ಲಿ ಅಡಗಿಕೊಳ್ಳುವವನು ನಾಳೆ ನಿಜವಾದ ಬಡವಳಿಗೆ ಸಿಗಬೇಕಾದ ಸಾಲವನ್ನು ಕದಿಯುತ್ತಾನೆ. ಹೊಸ್ತಿಲು ಸಾಲಿಗನನ್ನು ಹೊರಗೆ ನಿಲ್ಲಿಸುತ್ತದೆ, ಹೌದು. ಆದರೆ ಒಳಗಿರುವವನು ಹೊರಗೆ ಬಂದು ಕೊಡಬೇಕೆಂದೂ ದೇವರ ಕಟ್ಟಳೆ ಹೇಳುತ್ತದೆ.

ಇನ್ನು ಎಲ್ಲಕ್ಕಿಂತ ಕಷ್ಟದ ಮಾತನ್ನು ಹೇಳಬೇಕು. ಗುಂಪು ಸಾಲದಲ್ಲಿ ಒಬ್ಬಳು ಕಟ್ಟದಿದ್ದರೆ ಉಳಿದವರು ಕಟ್ಟಬೇಕು. ಕಂತಿನ ದಿನ ಒಬ್ಬಳ ಹಣ ಬಾರದಿದ್ದರೆ ಎಲ್ಲರನ್ನೂ ಕೂರಿಸಿಕೊಳ್ಳುತ್ತಾರೆ. ಆಗ ಅವಳ ಬಾಗಿಲಿಗೆ ಹೋಗುವವರು ಯಾರು? ವಸೂಲಿಗಾರನಲ್ಲ, ನಾವೇ. ಪಕ್ಕದ ಮನೆಯವಳು, ಒಂದೇ ನಲ್ಲಿಯಲ್ಲಿ ನೀರು ಹಿಡಿಯುವವಳು, ಭಾನುವಾರ ಒಂದೇ ಬಲಿಪೂಜೆಯಲ್ಲಿ ಕೈಜೋಡಿಸಿ ಶಾಂತಿ ಕೋರಿದವಳು, ಸೋಮವಾರ ಅಂಗಳದಲ್ಲಿ ನಿಂತು ಅವಳ ಸೆರಗನ್ನು ಜಗ್ಗುತ್ತಾಳೆ. ಸಂತ ಮತ್ತಾಯನ ಶುಭಸಂದೇಶದ 18ನೆಯ ಅಧ್ಯಾಯದಲ್ಲಿ ಬರುವ ಕರುಣೆಯಿಲ್ಲದ ಸೇವಕನ ಸಾಮತಿಯನ್ನು ನೆನೆಯಿರಿ. ಜೊತೆ ಸೇವಕನ ಕುತ್ತಿಗೆ ಹಿಡಿದವನು ಧಣಿಯಲ್ಲ. ಅವನೂ ಒಬ್ಬ ಸಾಲಗಾರನೇ. ಒಬ್ಬ ಸಾಲಗಾರನ ಕೈಯಿಂದ ಇನ್ನೊಬ್ಬ ಸಾಲಗಾರನ ಕುತ್ತಿಗೆ ಹಿಡಿಸುವುದರಲ್ಲಿಯೇ ಈ ವ್ಯವಸ್ಥೆಯ ಜಾಣತನವಿದೆ. ಅವಳು ಕಟ್ಟದ ಕಂತು ನಿಮ್ಮ ಮೇಲೆ ಬೀಳುವುದು ಅನ್ಯಾಯವೇ. ನಿಮ್ಮ ಸಂಕಟವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಆ ಅನ್ಯಾಯಕ್ಕೆ ಉತ್ತರ ಅವಳ ಬಾಗಿಲಲ್ಲಿಲ್ಲ. ಎಲ್ಲರೂ ಒಟ್ಟಾಗಿ ಸಂಸ್ಥೆಯ ಕಚೇರಿಗೆ ಹೋಗಿ ಅವಧಿ ಕೇಳಿರಿ, ಕಂತು ಇಳಿಸಲು ಕೇಳಿರಿ. ಅವಳ ಹೊಸ್ತಿಲನ್ನು ಮಾತ್ರ ದಾಟಬೇಡಿ.

ನಮ್ಮಲ್ಲಿ ಬಡ್ಡಿಗೆ ಕೊಡುವವರೂ ಇದ್ದಾರೆ. ಚೀಟಿ ನಡೆಸುವವರು, ಒಡವೆ ಇಟ್ಟುಕೊಂಡು ಕೊಡುವವರು, ಸಂಬಳ ಬಂದ ಕೂಡಲೇ ಹತ್ತು ಜನರಿಗೆ ಹಂಚಿ ತಿಂಗಳಿಗೆ ಐದು ರೂಪಾಯಿ ಎಣಿಸುವವರು ಈ ಪುಟವನ್ನು ಓದುತ್ತಿರಬಹುದು. ಸಹೋದರನೇ, ನೀನು ಪರವಾನಗಿ ಇಲ್ಲದೆ ಕೊಡುತ್ತಿದ್ದರೆ ಅದು ಕಾಯಿದೆಗೆ ವಿರುದ್ಧ. ನೆರೆಯವನ ಸಂಕಟವೇ ನಿನ್ನ ಬಂಡವಾಳವಾಗಿದ್ದರೆ ಅದು ದೇವರಿಗೆ ವಿರುದ್ಧ. ಪಾಪನಿವೇದನೆಗೆ ಬರುವ ಮುನ್ನ ಜಕ್ಕಾಯನನ್ನು ನೆನೆ. ಅವನು ಅನ್ಯಾಯವಾಗಿ ಪಡೆದುದನ್ನು ನಾಲ್ಕರಷ್ಟು ಹಿಂದಿರುಗಿಸಲು ಮುಂದಾದನು. ಯೇಸುಸ್ವಾಮಿ ಅವನ ಮನೆಯ ಹೊಸ್ತಿಲನ್ನು ದಾಟಿದ್ದು ರಕ್ಷಣೆಯನ್ನು ತರುವುದಕ್ಕಾಗಿ.

ಕೊನೆಯದಾಗಿ, ಸಾಲದಲ್ಲಿ ಮುಳುಗಿರುವ ತಾಯಂದಿರೇ, ತಂದೆಯರೇ, ನಿಮ್ಮೊಡನೆ ಒಂದು ಮಾತು. ಸಾಲ ಪಾಪವಲ್ಲ. ತೀರಿಸಲಾಗದ ಬಡತನ ಅಪಮಾನವಲ್ಲ. ಮುಚ್ಚಿಡುವುದೇ ಅಪಾಯ. ಇಂದು ರಾತ್ರಿ ಊಟದ ನಂತರ ಗಂಡಹೆಂಡಿರಿಬ್ಬರೂ ಕುಳಿತು ಎಲ್ಲ ಸಾಲಗಳನ್ನು ಒಂದು ಹಾಳೆಯಲ್ಲಿ ಬರೆಯಿರಿ: ಯಾರಿಗೆ, ಎಷ್ಟು, ಯಾವ ಬಡ್ಡಿ, ಎಷ್ಟು ಕಟ್ಟಿದ್ದೇವೆ. ಕಟ್ಟಿದ ಪ್ರತಿ ಕಂತಿಗೂ ರಸೀದಿ ಕೇಳಿ ಇಟ್ಟುಕೊಳ್ಳಿ. ಬರಿಯ ಕಾಗದಕ್ಕೆ, ಖಾಲಿ ಚೆಕ್ಕಿಗೆ ಸಹಿ ಹಾಕಬೇಡಿ. ಒಂದು ಸಾಲ ತೀರಿಸಲು ಇನ್ನೊಂದು ಸಾಲ ಮಾಡಬೇಡಿ. ಬೆದರಿಸಿದರೆ 112ಕ್ಕೆ ಕರೆಮಾಡಿ, ಠಾಣೆಯಲ್ಲಿ ದೂರು ಕೊಡಿ. ಬ್ಯಾಂಕು ಅಥವಾ ಫೈನಾನ್ಸ್ ಸಂಸ್ಥೆಗೆ ಲಿಖಿತ ದೂರು ಕೊಟ್ಟು 30 ದಿನಗಳಲ್ಲಿ ನ್ಯಾಯ ಸಿಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಅವರಿಗೆ ಬರೆಯಬಹುದು. ಅದರ ವಿವರ 14448ರಲ್ಲಿ ಸಿಗುತ್ತದೆ. ನಾಲ್ಕೂ ತಾಲ್ಲೂಕಿನ ನ್ಯಾಯಾಲಯಗಳಲ್ಲಿ ಕಾನೂನು ಸೇವಾ ಸಮಿತಿ ಇದೆ. ಆದಾಯ ಎಷ್ಟೇ ಇರಲಿ, ಮಹಿಳೆಯರಿಗೆ ಅಲ್ಲಿ ಉಚಿತ ನೆರವು ಉಂಟು. 15100ಕ್ಕೆ ಕರೆಮಾಡಿದರೂ ಆಯಿತು. ಬದುಕೇ ಬೇಡವೆನಿಸಿದರೆ ಆ ಗಳಿಗೆಯಲ್ಲಿ ಒಬ್ಬರೇ ಇರಬೇಡಿ. 14416ಕ್ಕೆ ಕರೆಮಾಡಿ, ಅಥವಾ ನಿಮ್ಮ ಧರ್ಮಕೇಂದ್ರದ ಗುರುಗಳ ಬಾಗಿಲು ತಟ್ಟಿರಿ. ಯಾವ ಕಂತೂ ನಿಮ್ಮ ಜೀವಕ್ಕಿಂತ ದೊಡ್ಡದಲ್ಲ. ಕ್ರಿಸ್ತರು ನಿಮಗಾಗಿ ತೆತ್ತ ಬೆಲೆಯನ್ನು ಯಾವ ಸಾಹುಕಾರನೂ ತನ್ನ ಪುಸ್ತಕದಲ್ಲಿ ಬರೆಯಲಾರನು.

ಪ್ರಭು ಕಲಿಸಿದ ಪ್ರಾರ್ಥನೆಯಲ್ಲಿ ನಾವು ದಿನವೂ ಕ್ಷಮೆ ಬೇಡುತ್ತೇವೆ. ಸಂತ ಮತ್ತಾಯನ ಗ್ರೀಕ್ ಮೂಲದಲ್ಲಿ ಆ ಸ್ಥಳದಲ್ಲಿರುವ ಪದದ ಅರ್ಥ ಸಾಲ ಎಂದೇ. ದೇವರ ಮುಂದೆ ನಾವೆಲ್ಲರೂ ಸಾಲಗಾರರು, ಕಂತು ತಪ್ಪಿದವರು. ಆದರೂ ಅವರು ನಮ್ಮ ಬಾಗಿಲನ್ನು ಒದೆಯುವುದಿಲ್ಲ. ಹೊರಗೆ ನಿಂತು ತಟ್ಟುತ್ತಾರೆ.

ದಯಾಳುವಾದ ತಂದೆಯೇ, ಸಾಲದ ಹೊರೆಯಿಂದ ನಿದ್ದೆಗೆಟ್ಟಿರುವ ಮನೆಗಳನ್ನು ಕಾಪಾಡಿರಿ. ಕಾಯಿದೆ ಮಾಡುವವರಿಗೂ ಅದನ್ನು ನಡೆಸುವವರಿಗೂ ನೆಹೆಮೀಯನ ಧೈರ್ಯವನ್ನು ಕೊಡಿರಿ. ನೆರೆಯವರ ಹೊಸ್ತಿಲಿನ ಮುಂದೆ ಗೌರವದಿಂದ ನಿಲ್ಲುವ ಮನಸ್ಸನ್ನು ನಮಗೆಲ್ಲರಿಗೂ ದಯಪಾಲಿಸಿರಿ. ಆಮೆನ್.